ಮುಂಬೈಯಲ್ಲಿ ಒಬ್ಬಳೇ ಮಗು ನೋಡಿಕೊಳ್ಳುವಾಗ ಧೈರ್ಯ ಎಲ್ಲಿಂದ ತರಲಿ?

ನಿಮ್ಮ ಪ್ರಶ್ನೆ ಓದಿದೆ. ಬಾಣಂತನ ಮುಗಿಸಿ ಅಮ್ಮ ಧಾರವಾಡಕ್ಕೆ ಹೋದರು, ಗಂಡ ಬರುವುದು ರಾತ್ರಿ, ಡೊಂಬಿವಲಿಯ ಫ್ಲಾಟಿನಲ್ಲಿ ಎರಡು ತಿಂಗಳ ಮಗುವಿನ ಜೊತೆ ಒಬ್ಬಳೇ ಇದ್ದೀನಿ, ಯಾವಾಗಲೂ ಭಯ, ಖುಷಿ ಅನ್ನೋದೇ ಇಲ್ಲ ಅಂತ ಬರೆದಿದ್ದೀರಿ. ಧೈರ್ಯ, ನಂಬಿಕೆ ಎಲ್ಲಿಂದ ತರಲಿ ಅಂತ ಕೇಳಿದ್ದೀರಿ.

ನನಗೆ ಎರಡೂ ಸಿಕ್ಕಿದ್ದು ಬೇರೆ ತಾಯಂದಿರಿಂದ. ದೇವರನ್ನು ನಂಬುವವಳು ನಾನು, ದಿನಾ ದೀಪ ಹಚ್ಚುತ್ತೇನೆ. ಆದರೆ ದೇವರು ನನ್ನ ಕೈ ಹಿಡಿದದ್ದು ಮನುಷ್ಯರ ಮೂಲಕವೇ.

ನನ್ನ ಮಗಳು ಹುಟ್ಟಿದ್ದು ಸಯನ್ ಆಸ್ಪತ್ರೆಯಲ್ಲಿ, ತಿಂಗಳು ತುಂಬುವ ಮೊದಲೇ. ನನಗಿನ್ನೂ ಹಾಲು ಇಳಿದಿರಲಿಲ್ಲ. ಆಗ ಅವಳಿಗೆ ಕೊಟ್ಟಿದ್ದು ಅಲ್ಲಿನ ಎದೆಹಾಲಿನ ಬ್ಯಾಂಕಿನ ಹಾಲು. 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಶುರು ಮಾಡಿದ ಬ್ಯಾಂಕ್ ಅದು, ಏಷ್ಯಾದಲ್ಲೇ ಮೊದಲನೆಯದು. ಹಾಲು ಜಾಸ್ತಿ ಇರುವ ಬಾಣಂತಿಯರು ಕೊಡುತ್ತಾರೆ. ಅವರ ರಕ್ತ ಪರೀಕ್ಷೆ ಆಗಿರುತ್ತದೆ. ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ, ಫ್ರೀಜರಿಗೆ ಹಾಕುತ್ತಾರೆ. ನನ್ನ ಮಗಳ ಹೊಟ್ಟೆ ತುಂಬಿಸಿದವಳು ಯಾರು, ಯಾವ ಜಾತಿ, ಯಾವ ಭಾಷೆಯವಳು ಅಂತ ನನಗೆ ಗೊತ್ತಿಲ್ಲ. ಇವತ್ತಿಗೂ ದೀಪ ಹಚ್ಚುವಾಗ ಅವಳನ್ನು ನೆನೆಯುತ್ತೇನೆ.

ಆಮೇಲೆ ನನಗೂ ಹಾಲು ಬಂತು. ಮಗಳಿಗೆ ಸಾಕಾಗಿ ಮಿಕ್ಕಿದಾಗ ನಾನೂ ಬ್ಯಾಂಕಿಗೆ ಕೊಟ್ಟೆ. ತಾಯಿಯಾದ ಮೇಲೆ ಮೊದಲ ಸಲ ಮನಸಾರೆ ಖುಷಿಯಾದದ್ದು ಅವತ್ತು. ಇನ್ನೊಬ್ಬರಿಗೆ ಕೊಡುವಷ್ಟು ನನ್ನಲ್ಲೂ ಇದೆ ಅನ್ನಿಸಿತು.

ಅದಕ್ಕೇ ಹೇಳುತ್ತೇನೆ, ಕೇಳೋಕೆ ಸಂಕೋಚ ಪಡಬೇಡಿ. ಮುಂಬೈ ಜನ ತಾವಾಗಿ ಬಂದು ಬಾಗಿಲು ತಟ್ಟುವುದು ಕಡಿಮೆ. ನೀವು ತಟ್ಟಿದರೆ ಇಲ್ಲ ಅನ್ನುವುದಿಲ್ಲ. ನಮ್ಮ ಎದುರುಮನೆಯ ಮರಾಠಿ ಆಜಿ ದಿನಾ ಸ್ವಲ್ಪ ಹೊತ್ತು ಮಗು ಎತ್ತಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ನಾನು ನೆಮ್ಮದಿಯಾಗಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಕನ್ನಡ ಕೇಳಬೇಕು ಅನ್ನಿಸಿದರೆ ನಿಮ್ಮ ಡೊಂಬಿವಲಿಯಲ್ಲೇ ಕರ್ನಾಟಕ ಸಂಘ ಇದೆ. ಮಗುವಿನ ಜೊತೆಯೂ ದಿನವಿಡೀ ಕನ್ನಡದಲ್ಲೇ ಮಾತಾಡಿ. ಸಾರಿಗೆ ಒಗ್ಗರಣೆ ಹಾಕ್ತಿದ್ದೀನಿ ಅಂತಲಾದರೂ ಹೇಳಿ. ಮನೆ ಅಷ್ಟು ಖಾಲಿ ಅನ್ನಿಸುವುದಿಲ್ಲ.

ಇನ್ನು ಭಯ. ಯಾವುದಕ್ಕೆ ಹೆದರಬೇಕು ಅಂತ ಗೊತ್ತಿದ್ದರೆ ಉಳಿದದ್ದಕ್ಕೆಲ್ಲ ಹೆದರುವುದು ತಪ್ಪುತ್ತದೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (ಫ್ಯಾರನ್‌ಹೀಟ್‌ನಲ್ಲಿ 100.4) ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ಕಾಯಬೇಡಿ, ತಕ್ಷಣ ಡಾಕ್ಟರ ಹತ್ತಿರ ಹೋಗಿ. ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಉಸಿರೆಳೆಯುವಾಗ ಎದೆ ಒಳಗೆ ಸೆಳೆದರೆ, ಉಚ್ಚೆ ಕಮ್ಮಿಯಾದರೆ ಕೂಡ ಹಾಗೆಯೇ. ಬಿಕ್ಕಳಿಕೆ, ಸೀನು, ಕುಡಿದ ಮೇಲೆ ಸ್ವಲ್ಪ ಹಾಲು ಕಕ್ಕುವುದು, ಇವೆಲ್ಲ ಮಾಮೂಲು.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಹೆರಿಗೆಯಾದ ಮೊದಲ ಎರಡು ವಾರ ಅಳು ಬರುವುದು ತುಂಬಾ ಜನರಿಗೆ ಇದ್ದದ್ದೇ. ನಿಮಗೆ ಎರಡು ತಿಂಗಳಾಗಿದೆ. ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ, ಯಾವುದೂ ಬೇಡ ಅನ್ನಿಸಿದರೆ, ನಿಮಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಅದು ನಂಬಿಕೆ ಸಾಲದ್ದಕ್ಕೆ ಬಂದದ್ದಲ್ಲ. ಅದೊಂದು ಕಾಯಿಲೆ, ಔಷಧಿ ಇದೆ, ವಾಸಿಯಾಗುತ್ತದೆ. ಕೆಟ್ಟ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಆಗಲೇ ಗಂಡನನ್ನು ಕರೆಸಿ ಆಸ್ಪತ್ರೆಗೆ ಹೋಗಿ. ಮನಸ್ಸಿನ ತೊಂದರೆಗೆ ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಇದನ್ನು ನಿಮ್ಮ ಮನೆಯವರಿಗೂ ಇವತ್ತೇ ಓದಿಸಿ.

ನಾನಿರುವುದು ಠಾಣೆಯಲ್ಲಿ. ಲೋಕಲ್ ಹಿಡಿದರೆ ನಿಮ್ಮಲ್ಲಿಗೆ ಅರ್ಧ ಗಂಟೆ. ಒಂದು ಮೆಸೇಜ್ ಹಾಕಿ, ಮಧ್ಯಾಹ್ನದ ಹೊತ್ತು ಬರುತ್ತೇನೆ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಮಲಗಿ.