ಹಳೇ ಪೆಟ್ರೋಲು, ಕಮ್ಮಿ ಆಕ್ಟೇನು: ಗಾಡಿ ಪ್ರಶ್ನೋತ್ತರ

2024ರ ಜನವರಿ ಮೊದಲ ವಾರ ಹೊಸ ಹಿಟ್ ಅಂಡ್ ರನ್ ಕಾನೂನು ಬೇಡ ಅಂತ ಲಾರಿ ಡ್ರೈವರ್‌ಗಳು ಗಾಡಿ ನಿಲ್ಲಿಸಿದಾಗ ದೇಶದ ಎಷ್ಟೋ ಊರಲ್ಲಿ ಪೆಟ್ರೋಲ್ ಬಂಕ್ ಮುಂದೆ ಕಿಲೋಮೀಟರ್‌ಗಟ್ಟಲೆ ಕ್ಯೂ ನಿಂತಿತ್ತು, ನೆನಪಿರ್ಬೇಕು. ದೇಶದಲ್ಲಿ ಪೆಟ್ರೋಲು ನಿಜವಾಗಿ ಮುಗಿದಿರ್ಲಿಲ್ಲ, ಬಂಕಿಗೆ ಟ್ಯಾಂಕರ್ ಬರ್ಲಿಲ್ಲ ಅಷ್ಟೇ, ಜೊತೆಗೆ ಎಲ್ರೂ ಒಂದೇ ದಿನ ಫುಲ್ ಟ್ಯಾಂಕ್ ಮಾಡ್ಸೋಕೆ ಹೊರಟ್ರು. ಅಂಥ ಹೊತ್ತಲ್ಲೇ ಜನಕ್ಕೆ ಶೆಡ್ಡಲ್ಲಿರೋ ಹಳೇ ಕ್ಯಾನು, ನಿಂತ ಗಾಡಿ ಟ್ಯಾಂಕು, ಸೀಮೆಎಣ್ಣೆ ಎಲ್ಲಾ ನೆನಪಾಗೋದು. ಈ ಸಲ ಅದೇ ವಿಷಯದ ಪತ್ರಗಳನ್ನ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಸರ್, ಅಣ್ಣ ಮಸ್ಕತ್‌ಗೆ ಹೋದ್ಮೇಲೆ ಅವನ 2012ರ ವ್ಯಾಗನ್ ಆರ್ ಶೆಡ್ಡಲ್ಲೇ ನಿಂತಿದೆ. ಕಳೆದ ವರ್ಷ ಮಳೆ ಶುರುವಾಗೋಕೆ ಮುಂಚೆ ಹಾಕ್ಸಿದ್ದ ಪೆಟ್ರೋಲು, ಅರ್ಧ ಟ್ಯಾಂಕ್ ಇದೆ. ಬಂಕಲ್ಲಿ ಸ್ಟಾಕ್ ಇಲ್ದೇ ಇದ್ದಾಗ ಅದರಲ್ಲೇ ಓಡಿಸ್ಬಹುದಾ? ಹಳೇ ಪೆಟ್ರೋಲ್ ಅಂದ್ರೆ ಆಕ್ಟೇನ್ ಸತ್ತುಹೋಗಿರತ್ತೆ, ಇಂಜಿನ್ ಒಡೆದೋಗತ್ತೆ ಅಂತ ಭಾವ ಹೆದರಿಸ್ತಿದಾರೆ.
— ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಭಾವ ಹೆದರಿಸಿದ್ದು ಸರಿ, ಕಾರಣ ಮಾತ್ರ ತಪ್ಪು. ಪೆಟ್ರೋಲು ಹಳೇದಾದ್ರೆ ಮೊದಲು ಹೋಗೋದು ಆಕ್ಟೇನ್ (ಒತ್ತಡ, ಬಿಸಿಗೆ ತಾನಾಗೇ ಹೊತ್ಕೊಳ್ದೇ ತಡೆಯೋ ತಾಕತ್ತು) ಅಲ್ಲ. ಪೆಟ್ರೋಲ್ ಅನ್ನೋದು ಒಂದೇ ವಸ್ತು ಅಲ್ಲ, ನೂರಾರು ಹೈಡ್ರೋಕಾರ್ಬನ್ ಸೇರಿದ ಮಿಶ್ರಣ, ಅದರಲ್ಲಿ ಬ್ಯೂಟೇನ್, ಪೆಂಟೇನ್ ಥರದ ಹಗುರ ಭಾಗ ಬೇಗ ಆವಿಯಾಗಿ ಹೋಗ್ಬಿಡತ್ತೆ, ಬೆಳಿಗ್ಗೆ ತಣ್ಣಗಿರೋ ಇಂಜಿನ್ ಟಕ್ ಅಂತ ಸ್ಟಾರ್ಟ್ ಆಗೋಕೆ ಬೇಕಾಗಿರೋದು ಅದೇ ಭಾಗ, ಹಾಗಾಗಿ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಕೂತೋಗತ್ತೆ. ಎರಡನೇದು, ಗಾಳಿಯ ಆಮ್ಲಜನಕ ತಾಗ್ತಾ ತಾಗ್ತಾ ಉಳಿದಿದ್ದು ಅಂಟಂಟಾಗಿ ಗಮ್ ಕಟ್ಟತ್ತೆ, ಇಂಜಿನ್‌ಗೆ ಪೆಟ್ರೋಲ್ ಚಿಮುಕಿಸೋ ಇಂಜೆಕ್ಟರ್ ಬಾಯಿ ಎಷ್ಟು ಸಣ್ಣದು ಅಂತ ನೋಡಿದವ್ರಿಗೆ ಅದು ಎಂಥ ಕಾಟ ಅಂತ ಗೊತ್ತು.

ಮೂರನೇದು ನೀರು. ನಿಮ್ಮ ಕಡೆ ಮಳೆಗಾಲದ ಗಾಳೀನೇ ಒದ್ದೆ, ಅದ್ರಲ್ಲಿ ಟ್ಯಾಂಕ್ ಅರ್ಧ ಖಾಲಿ, ಹಗಲು ಬಿಸಿ ರಾತ್ರಿ ಥಂಡಿ ಅಂತ ಒಳಗಿನ ಗಾಳಿ ಹಿಗ್ಗಿ ಕುಗ್ಗಿ ಹೊರಗಿನ ತೇವಾನೆಲ್ಲ ಒಳಗೆ ಎಳ್ಕೊಳತ್ತೆ. ಮೊದಲಿನ ಪೆಟ್ರೋಲ್ ಆಗಿದ್ರೆ ಆ ನೀರು ತಳದಲ್ಲಿ ಸುಮ್ನೆ ಕೂರ್ತಿತ್ತು. ಈಗಿನದ್ದು ಇ20, ಅಂದ್ರೆ ಶೇ 20 ಎಥನಾಲ್. ಎಥನಾಲ್‌ಗೆ ನೀರು ಅಂದ್ರೆ ಪ್ರಾಣ, ಒಂದು ಮಟ್ಟದವರೆಗೆ ಕರಗಿಸಿಕೊಂಡು ಏನೂ ಆಗದ ಹಾಗೆ ಇರತ್ತೆ, ಮಿತಿ ದಾಟಿದ ಕೂಡಲೇ ಎಥನಾಲು ನೀರಿನ ಜೊತೆ ಸೇರ್ಕೊಂಡು ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಇಳಿಯತ್ತೆ. ಪಂಪ್ ಹೀರೋದು ತಳದಿಂದಾನೇ. ಇಂಜಿನ್‌ಗೆ ಹೋಗೋದು ನೀರು ಬೆರೆತ ಸ್ಪಿರಿಟ್ಟು, ಗಾಡಿ ಜರ್ಕ್ ಹೊಡೆದು ನಿಲ್ಲತ್ತೆ. ಇನ್ನು ಆಕ್ಟೇನು, ಬಂಕಿನ ಇ20 ಈಗ 95ರ ಆಸುಪಾಸು ಇರೋದೇ ಎಥನಾಲ್ ದಯೆಯಿಂದ, ಅದೇ ಕೆಳಗಿಳಿದ್ಮೇಲೆ ಮೇಲೆ ಉಳಿಯೋ ಪೆಟ್ರೋಲ್ ನಿಜವಾಗ್ಲೂ ಲೋ ಆಕ್ಟೇನು. ಭಾವ ಗೆದ್ದಿದ್ದು ಇಲ್ಲಿ ಮಾತ್ರ.

ಈಗ ಏನ್ ಮಾಡೋದು ಅಂದ್ರೆ, ಸ್ಟಾರ್ಟ್ ಮಾಡೋಕೆ ಹೋಗ್ಲೇಬೇಡಿ, ಕೀನೂ ತಿರುಗಿಸ್ಬೇಡಿ. ಮೆಕ್ಯಾನಿಕ್ ಕರೆಸಿ ಹಿಂದಿನ ಸೀಟ್ ಎತ್ತಿಸಿ ಟ್ಯಾಂಕಿನ ತಳದಿಂದ ಒಂದು ಲೀಟರ್ ಹಿಡಿಯೋ ಗಾಜಿನ ಬಾಟಲಿಗೆ ತೆಗೆಸಿ, ಬಯಲಲ್ಲಿ, ಬೀಡಿ ಸಿಗರೇಟ್ ದೂರ ಇಟ್ಟು. ಪೈಪ್ ಹಾಕಿ ಬಾಯಲ್ಲಿ ಎಳೆಯೋ ಹಳೇ ಚಾಳಿ ಬೇಡ, ಪೆಟ್ರೋಲು ಶ್ವಾಸಕೋಶಕ್ಕೆ ಹೋದ್ರೆ ಆಸ್ಪತ್ರೆ ಗ್ಯಾರಂಟಿ. ಬಾಟಲಿ ಅರ್ಧ ಗಂಟೆ ಅಲ್ಲಾಡಿಸ್ದೇ ಇಡಿ. ತಳದಲ್ಲಿ ಬೇರೆ ಪದರ ಕಂಡ್ರೆ, ಅಥವಾ ಇಡೀ ಬಾಟಲಿ ಮಂಜು ಮಂಜಾಗಿದ್ರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಅದಕ್ಕೆ ಹೊಸ ಪೆಟ್ರೋಲ್ ಬೆರೆಸಿ ಉಳಿಸ್ಕೊಳ್ಳೋ ಲೆಕ್ಕಾಚಾರ ಬೇಡ. ಬಣ್ಣ ಕಪ್ಪಗಾಗಿ ಮೂಗಿಗೆ ಪೆಟ್ರೋಲ್ ಬದಲು ಹುಳಿ ಹುಳಿ ವಾರ್ನಿಶ್ ವಾಸನೆ ಹೊಡೆದ್ರೂ ಅಷ್ಟೇ. ತಿಳಿಯಾಗಿದ್ದು, ವಾಸನೆ ಸುಮಾರಾಗಿದ್ರೆ ಮಾತ್ರ ಅದಕ್ಕೆ ಕನಿಷ್ಠ ಅಷ್ಟೇ ಹೊಸ ಪೆಟ್ರೋಲ್ ಸೇರಿಸಿ ಓಡಿಸ್ಬಹುದು, ಹಗುರ ಭಾಗ ಹೊಸದ್ರಿಂದ ಸಿಗತ್ತೆ, ಸ್ಟಾರ್ಟ್ ಆಗತ್ತೆ. ಐದು ಲೀಟರ್ ಸಿಕ್ಕಿದ್ರೆ ಟ್ಯಾಂಕಿಂದ ಹಳೇದನ್ನ ಐದು ಲೀಟರ್‌ಗೆ ಇಳಿಸಿ ಸೇರ್ಸಿ. ನಿಂತು ಮೂರು ತಿಂಗಳಾಗಿದ್ರೆ ನಾನು ಇಷ್ಟೆಲ್ಲ ಹೇಳ್ತಾನೇ ಇರ್ಲಿಲ್ಲ, ಒಂದು ಮಳೆಗಾಲ ಕಳೆದಿದೆ ಅಂದಿದ್ದಕ್ಕೆ ಹೇಳಿದ್ದು. ಇನ್ನೊಂದು, 2012ರ ಗಾಡಿ ಇ20ಗೆ ಅಂತ ಮಾಡಿದ್ದಲ್ಲ, ಪೈಪು, ರಬ್ಬರ್ ಸೀಲು ಒಮ್ಮೆ ನೋಡ್ಸಿ.

ಓಡಿಸೋವಾಗ ಚೆಕ್ ಇಂಜಿನ್ ಲೈಟ್ ಮಿಣಮಿಣ ಅಂತ ಮಿನುಗಿದ್ರೆ ಅಲ್ಲೇ ಸೈಡಿಗೆ ಹಾಕಿ ಆಫ್ ಮಾಡಿ. ಮಿಸ್‌ಫೈರ್ ಆಗ್ತಿದೆ ಅಂತ ಅರ್ಥ, ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ನೇ ಸುಟ್ಟುಹಾಕತ್ತೆ. ಅದರ ರೇಟ್ ಕೇಳಿದ್ರೆ ಅರ್ಧ ಟ್ಯಾಂಕ್ ಪೆಟ್ರೋಲು ಚೆಲ್ಲಿದ್ದಕ್ಕೆ ಬೇಜಾರೇ ಆಗಲ್ಲ.

ಪ್ರಶ್ನೆ: 2021ರ ಮೇನಲ್ಲಿ ಇಲ್ಲಿಗೆ ಪೆಟ್ರೋಲ್ ತರೋ ಕಲೋನಿಯಲ್ ಪೈಪ್‌ಲೈನ್ ಮೇಲೆ ಸೈಬರ್ ದಾಳಿ ಆದಾಗ ಇಲ್ಲಿ ಗ್ಯಾಸ್ ಸ್ಟೇಷನ್‌ಗಳೆಲ್ಲ ಖಾಲಿ ಆಗಿದ್ವು, ನನ್ನ ಟರ್ಬೊ ಕಾರಿಗೆ 91 ಪ್ರೀಮಿಯಂ ಬೇಕು, ಆ ವಾರ 87 ಮಾತ್ರ ಸಿಕ್ತು, ಭಯದಲ್ಲೇ ಹಾಕಿ ಓಡಿಸ್ದೆ. ಮತ್ತೆ ಹಾಗಾದ್ರೆ ಏನ್ ಮಾಡ್ಲಿ? ಬೆಂಗಳೂರಲ್ಲಿ ಬರೀ 91 ಹಾಕಿ ಇಂಥದೇ ಕಾರು ಓಡಿಸ್ತಿದ್ರಲ್ಲ, ಇಲ್ಲಿನ 87 ಅಷ್ಟೊಂದು ಕಳಪೆನಾ?
— ಓದುಗರು, ಷಾರ್ಲಟ್, ನಾರ್ತ್ ಕೆರೊಲಿನಾ

ಉತ್ತರ: ಮೊದಲು ಆ ಗೊಂದಲ ಬಿಡಿಸೋಣ. ಅಮೆರಿಕದ ಪಂಪ್ ಮೇಲೆ ಬರೆಯೋ ನಂಬರು, ಭಾರತದ ನಂಬರು ಎರಡೂ ಬೇರೆ ಬೇರೆ ಅಳತೆ. ಆಕ್ಟೇನ್ ಅಳೆಯೋಕೆ ಎರಡು ಪರೀಕ್ಷೆ ಇದೆ, ನಮ್ಮಲ್ಲಿ ರಿಸರ್ಚ್ ಆಕ್ಟೇನ್ ಮಾತ್ರ ಹೇಳ್ತಾರೆ, ಅಲ್ಲಿ ಅದನ್ನೂ ಮೋಟಾರ್ ಆಕ್ಟೇನನ್ನೂ ಕೂಡಿಸಿ ಎರಡರಿಂದ ಭಾಗಿಸ್ತಾರೆ, ಮೋಟಾರ್ ಆಕ್ಟೇನ್ ಪರೀಕ್ಷೆ ಕಠಿಣ, ಅದರಲ್ಲಿ ಯಾವಾಗ್ಲೂ ಕಡಿಮೆ ನಂಬರೇ ಬರೋದು. ಹಾಗಾಗಿ ನಿಮ್ಮ 87 ಅಂದ್ರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ 91. ನಿಮ್ಮ 91 ಪ್ರೀಮಿಯಂ ಅಂದ್ರೆ ನಮ್ಮ 95ರ ಮೇಲೆ. ನೀವು ಭಯದಲ್ಲಿ ಹಾಕಿದ್ದು ಬೆಂಗಳೂರಿನವರು ವರ್ಷಗಟ್ಟಲೆ ಹಾಕಿದ್ದೇ.

ಹಾಗಂತ ಪೂರ್ತಿ ನಿರಾಳ ಆಗ್ಬೇಡಿ. ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ, ಒತ್ತಡ ಮತ್ತು ಬಿಸಿಗೆ ತಾನಾಗೇ ಹೊತ್ಕೊಳ್ದೇ ತಡೆಯೋ ತಾಕತ್ತು ಅಷ್ಟೇ. ಅದು ಸಾಲದಾದಾಗ ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ತಲುಪೋ ಮೊದಲೇ ಮೂಲೆಯಲ್ಲಿರೋ ಮಿಶ್ರಣ ಢಂ ಅನ್ನತ್ತೆ, ಹೊರಗೆ ನಮಗೆ ಕೇಳೋದು ತಗಡಿನ ಡಬ್ಬೀಲಿ ಗುಂಡುಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಅದೇ ನಾಕಿಂಗ್. ಈಗಿನ ಕಾರಲ್ಲಿ ನಾಕ್ ಸೆನ್ಸರ್ ಇರತ್ತೆ, ಅದು ನಿಮ್ಮ ಕಿವಿಗಿಂತ ಮೊದಲೇ ಕೇಳಿಸ್ಕೊಂಡು ಕಂಪ್ಯೂಟರ್‌ಗೆ ಹೇಳತ್ತೆ, ಕಂಪ್ಯೂಟರ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸೋ ಹೊತ್ತು) ಹಿಂದಕ್ಕೆ ಎಳೆದು ಬೂಸ್ಟ್ (ಟರ್ಬೊ ಒತ್ತಿ ತುಂಬೋ ಗಾಳಿ) ಇಳಿಸತ್ತೆ. ಪಿಕಪ್ ಕಮ್ಮಿ, ಮೈಲೇಜ್ ಕಮ್ಮಿ, ಇಂಜಿನ್ ಸೇಫ್. ಆದ್ರೆ ಟರ್ಬೊ ಗಾಡೀಲಿ ಕಡಿಮೆ ಆರ್‌ಪಿಎಂ ಇಟ್ಕೊಂಡು ದೊಡ್ಡ ಗೇರಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿಯೋದು ಇದೆಯಲ್ಲ, ಅಲ್ಲಿ ಒಂದೇ ಒಂದು ಜೋರು ಹೊಡೆತಕ್ಕೆ ಪಿಸ್ಟನ್ ಸೀಳಬಹುದು, ಸೆನ್ಸರ್ ಎಚ್ಚೆತ್ಕೊಳ್ಳೋದ್ರೊಳಗೆ ಆಗಿಹೋಗಿರತ್ತೆ. ಬ್ಲೂ ರಿಡ್ಜ್ ಬೆಟ್ಟದ ಕಡೆ ಹತ್ತೋದಿದ್ರೆ ಕ್ರೂಸ್ ಕಂಟ್ರೋಲ್ ಆಫ್ ಮಾಡಿ, ಗೇರ್ ಇಳಿಸಿ, ಎಸಿ ಬೇಕಿಲ್ಲದಿದ್ರೆ ನಿಲ್ಲಿಸಿ, ಪ್ರೀಮಿಯಂ ಸಿಕ್ಕಿದ ಕೂಡಲೇ ಟಾಪ್ ಅಪ್ ಮಾಡಿ, ಎರಡೂ ಬೆರೆತ್ರೆ ನಂಬರೂ ಸುಮಾರಾಗಿ ಮಧ್ಯಕ್ಕೆ ಬರತ್ತೆ. ಮ್ಯಾನ್ಯುಯಲ್‌ನಲ್ಲಿ ಪ್ರೀಮಿಯಂ ರೆಕಮೆಂಡೆಡ್ ಅಂತಿದ್ರೆ ತಲೆ ಕೆಡಿಸ್ಕೊಳ್ಬೇಡಿ, ರಿಕ್ವೈರ್ಡ್ ಅಂತಿದ್ರೆ ಮನೆ ಆಫೀಸು ಅಷ್ಟಕ್ಕೇ ಇಟ್ಕೊಳ್ಳಿ.

ಅಂದಹಾಗೆ ಅದೇ ವಾರ ಪ್ಲಾಸ್ಟಿಕ್ ಚೀಲದಲ್ಲಿ ಪೆಟ್ರೋಲ್ ತುಂಬ್ಬೇಡಿ ಅಂತ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಟ್ವೀಟ್ ಮಾಡಿ ಹೇಳ್ಬೇಕಾಯ್ತು. ನಮ್ಮೂರಲ್ಲಿ ಬಿಸ್ಲೇರಿ ಬಾಟಲಿ ಹಿಡ್ಕೊಂಡು ನಿಲ್ಲೋರನ್ನ ನೋಡಿ ನಗೋ ಹಕ್ಕು ಆವತ್ತಿಂದ ಅಲ್ಲಿನವರಿಗಿಲ್ಲ.

ಪ್ರಶ್ನೆ: ನಮ್ಮಪ್ಪಾರ ಕಾಲದಾಗ ಪೆಟ್ರೋಲ್ ಸಿಗಲಿಲ್ಲಂದ್ರ ಚಿಮಣಿ ಎಣ್ಣಿ ಕೂಡಿಸಿ ಅಂಬಾಸಿಡರ್ ಓಡಸ್ತಿದ್ರಂತ. ನಮ್ಮ ಹೊಲದಾಗಿನ ಪಂಪ್‌ಸೆಟ್ಟೂ ಚಿಮಣಿ ಎಣ್ಣಿ ಮ್ಯಾಲೇ ಓಡ್ತಿತ್ತು. ಈಗಿನ ಕಾರಿಗೆ ಸ್ವಲ್ಪ ಹಾಕಿದ್ರ ನಡೀತದೇನ್ರಿ?
— ಓದುಗರು, ಹುಬ್ಬಳ್ಳಿ

ಉತ್ತರ: ನಡಿಯೂದಿಲ್ರಿ. ನಿಮ್ಮ ಪಂಪ್‌ಸೆಟ್ ಹೆಂಗ್ ಓಡ್ತಿತ್ತು ನೆನಪು ಮಾಡ್ಕೊಳ್ಳಿ, ಮೊದಲು ಪೆಟ್ರೋಲ್ ಮೇಲೆ ಸ್ಟಾರ್ಟ್ ಮಾಡಿ, ಬಿಸಿ ಆದ್ಮೇಲೇ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಬಿಡೋದು. ಯಾಕಂದ್ರೆ ಸೀಮೆಎಣ್ಣೆ ತಣ್ಣಗಿದ್ದಾಗ ಆವಿ ಆಗಲ್ಲ, ಆಕ್ಟೇನೂ ಪೆಟ್ರೋಲ್ ಹತ್ತಿರಕ್ಕೂ ಬರಲ್ಲ. ಆ ಇಂಜಿನ್ನಿನ ಕಂಪ್ರೆಷನ್ನೇ (ಸಿಲಿಂಡರ್ ಒಳಗಿನ ಮಿಶ್ರಣವನ್ನ ಎಷ್ಟು ಪಟ್ಟು ಅದುಮತ್ತೆ ಅನ್ನೋ ಲೆಕ್ಕ) ಬಹಳ ಕಮ್ಮಿ, ಅದಕ್ಕೇ ತಡ್ಕೊಳ್ತಿತ್ತು. ಹಳೇ ಅಂಬಾಸಿಡರ್ ಕಂಪ್ರೆಷನ್ 7ರ ಸುತ್ತಮುತ್ತ, ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಸಡಿಲ ಮಾಡಿ ಕೈಯಲ್ಲೇ ಟೈಮಿಂಗ್ ಸ್ವಲ್ಪ ಹಿಂದಕ್ಕೆ ತಿರುಗಿಸಿ ನಾಕಿಂಗ್ ನಿಲ್ಲಿಸ್ತಿದ್ರು, ಡ್ರೈವರ್‌ಗಳಿಗೆ ಅದೆಲ್ಲ ನೀರು ಕುಡಿದಷ್ಟು ಸಲೀಸು. ಈಗಿನ ಸಣ್ಣ ಕಾರುಗಳ ಕಂಪ್ರೆಷನ್ 11, 12ರವರೆಗೂ ಇದೆ. ಸುಡದೇ ಉಳಿದ ಸೀಮೆಎಣ್ಣೆ ಸಿಲಿಂಡರ್ ಗೋಡೆ ಮೇಲಿಂದ ಇಳಿದು ಇಂಜಿನ್ ಆಯಿಲ್ ಸೇರಿ ಆಯಿಲ್ ತೆಳ್ಳಗಾಗತ್ತೆ, ಬೇರಿಂಗ್ ಹೋಗತ್ತೆ. ರೇಷನ್ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದ್ದೇ ಪೆಟ್ರೋಲು ಡೀಸೆಲ್‌ಗೆ ಬೆರೆಸೋದನ್ನ ಹಿಡಿಯೋಕೆ, ಕೇಸ್ ಬೇರೆ ಬೀಳತ್ತೆ.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್‌ಗೆ ರೇಷನ್ ಬಂದಾಗ ನಮ್ಮ ಕಡೆ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಲ್ಲೇ ಓಡಿಸಿದ್ರು, ಏರು ಬಂದ್ರೆ ಪ್ಯಾಸೆಂಜರ್ ಇಳಿದು ತಳ್ಳೋದು. ನಿಜ ಹೇಳ್ಬೇಕಂದ್ರೆ ಸೀಮೆಎಣ್ಣೆಗಿಂತ ಅದೇ ಇಂಜಿನ್‌ಗೆ ವಾಸಿ, ಆ ಗ್ಯಾಸಿಗೆ ಆಕ್ಟೇನ್ ಕೊರತೆ ಇಲ್ಲ, ಶಕ್ತಿ ಮಾತ್ರ ಸಾಲಲ್ಲ.

ಪ್ರಶ್ನೆ: ಪೆಟ್ರೋಲ್ ಟ್ಯಾಂಕಿಗೆ ನುಸಿಗುಳಿಗೆ ಹಾಕಿದ್ರೆ ಆಕ್ಟೇನ್ ಏರತ್ತಂತೆ, ಹೌದಾ?
— ಓದುಗರು, ಮಂಡ್ಯ

ಉತ್ತರ: ಹಳೇ ಗುಳಿಗೆ ನ್ಯಾಫ್ತಲೀನ್, ಅದರಿಂದ ಏರೋದು ನಿಮ್ಮ ಗಾಡಿಗೆ ಗೊತ್ತಾಗೋಷ್ಟಿಲ್ಲ, ಥಂಡಿಗೆ ಮತ್ತೆ ಹರಳುಗಟ್ಟಿ ಲೈನ್ ಬ್ಲಾಕ್ ಮಾಡತ್ತೆ. ಈಗ ಅಂಗಡೀಲಿ ಸಿಗೋ ಎಷ್ಟೋ ಗುಳಿಗೇಲಿ ಇರೋದು ಕ್ಲೋರಿನ್ ಇರೋ ಬೇರೆ ರಾಸಾಯನಿಕ, ಉರಿದ್ರೆ ಹೈಡ್ರೋಕ್ಲೋರಿಕ್ ಆಸಿಡ್ ಆಗತ್ತೆ. ಬೀರುವಲ್ಲೇ ಇರ್ಲಿ ಬಿಡಿ.

ಪ್ರಶ್ನೆ: ಮುಷ್ಕರ ಆಗತ್ತೆ ಅಂತ ಗೊತ್ತಾದ್ರೆ ಮೊದಲೇ ಒಂದೆರಡು ಕ್ಯಾನ್ ತುಂಬಿಸಿ ಅಡುಗೆಮನೆ ಪಕ್ಕದ ಸ್ಟೋರ್ ರೂಮಲ್ಲಿ ಇಟ್ಕೊಳ್ಳೋಣ ಅಂತಿದೀನಿ. ತಪ್ಪೇನಿಲ್ವಲ್ಲ?
— ಓದುಗರು, ದಾವಣಗೆರೆ

ಉತ್ತರ: ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಲೈಸೆನ್ಸ್ ಬೇಡ ಅಂತ 1934ರ ಪೆಟ್ರೋಲಿಯಂ ಕಾಯ್ದೆ ಹೇಳತ್ತೆ. ಅಡುಗೆಮನೆ ಪಕ್ಕ ಇಡಿ ಅಂತ ಹೇಳಲ್ಲ! ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಬಾಗಿಲ ಸಂದಿಯಿಂದ ಗ್ಯಾಸ್ ಒಲೆವರೆಗೆ ಬರತ್ತೆ. ಕಾರಿನ ಟ್ಯಾಂಕ್‌ಗಿಂತ ಒಳ್ಳೇ ಜಾಗ ನಿಮ್ಮ ಮನೇಲಿ ಇಲ್ಲ, ಮುಷ್ಕರದ ಸುದ್ದಿ ಬರೋ ಮೊದಲೇ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡ್ಬೇಡಿ ಸಾಕು. ಇಟ್ಟೇ ಇಡ್ತೀನಿ ಅಂದ್ರೆ ಪೆಟ್ರೋಲಿಗೆ ಅಂತಾನೇ ಮಾಡಿದ ಲೋಹದ ಕ್ಯಾನು, ಬಿಗಿ ಮುಚ್ಚಳ, ಮನೆಯಿಂದ ಹೊರಗೆ ನೆರಳಲ್ಲಿ, ತುಂಬಿಸೋವಾಗ ಕ್ಯಾನು ನೆಲದ ಮೇಲಿರ್ಲಿ, ಮೇಲೆ ತುಂಬಿದ ತಾರೀಕು ಬರೆದಿಡಿ, ಎರಡು ಮೂರು ತಿಂಗಳಿಗೆ ಗಾಡಿಗೆ ಸುರಿದು ಖಾಲಿ ಮಾಡಿ.

ಪ್ರಶ್ನೆ: ಸ್ಟಾಕ್ ಬಂತು ಅಂತ ಓಡಿಹೋಗಿ ಹಾಕ್ಸಿದೆ, ಗಾಡಿ ಆವತ್ತಿಂದ ಜರ್ಕ್ ಹೊಡೀತಿದೆ. ಬಂಕ್‌ನವರು ಕಲಬೆರಕೆ ಮಾಡಿದ್ರಾ?
— ಓದುಗರು, ತುಮಕೂರು

ಉತ್ತರ: ಮಾಡಿರ್ಬಹುದು, ಮಾಡದೇನೂ ಹಾಗಾಗ್ಬಹುದು. ಬಂಕಿನ ನೆಲದಡಿ ಟ್ಯಾಂಕ್ ಪೂರ್ತಿ ಖಾಲಿಯಾದಾಗ ತಳದಲ್ಲಿ ತುಕ್ಕು, ಕೆಸರು, ನೀರು ಉಳಿದಿರತ್ತೆ, ಟ್ಯಾಂಕರ್ ಬಂದು ರಭಸವಾಗಿ ಇಳಿಸಿದಾಗ ಎಲ್ಲಾ ಕದಡಿ ಮೇಲೇಳತ್ತೆ, ಆ ಹೊತ್ತಲ್ಲಿ ಮೊದಲು ನಿಂತೋರ ಗಾಡಿಗೆ ಅದೇ ಹೋಗೋದು. ಟ್ಯಾಂಕರ್ ನಿಂತಿರೋದು ಕಂಡ್ರೆ ಕ್ಯೂನಲ್ಲಿ ಹಿಂದೆ ಇರೋದೇ ಲಾಭ. ಮುಂದಿನ ಸಲ ಡೌಟ್ ಬಂದ್ರೆ ಫಿಲ್ಟರ್ ಪೇಪರ್ ಕೇಳಿ, ಕೊಡ್ಲೇಬೇಕು, ನಾಝಲ್ ಬಾಯಿ ಒರೆಸಿ ಒಂದು ಹನಿ ಬಿಡಿಸಿ, ಒಂದೆರಡು ನಿಮಿಷದಲ್ಲಿ ಆರಿ ಕಲೆ ಉಳೀಲಿಲ್ಲ ಅಂದ್ರೆ ಸೀಮೆಎಣ್ಣೆ ಥರದ್ದು ಬೆರೆಸಿಲ್ಲ ಅಂತ ನಂಬಬಹುದು. ಡೆನ್ಸಿಟಿನೂ ಅಳೆಸಿ, 15 ಡಿಗ್ರಿಗೆ ತಂದ ಲೆಕ್ಕದಲ್ಲಿ ಪೆಟ್ರೋಲಿನದ್ದು ಘನ ಮೀಟರಿಗೆ 720ರಿಂದ 775 ಕೆಜಿ ಒಳಗಿರ್ಬೇಕು, ರಿಜಿಸ್ಟರ್‌ನಲ್ಲಿ ಬರೆದದ್ದಕ್ಕೂ ಅಳೆದದ್ದಕ್ಕೂ 3ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಕಂಪ್ಲೇಂಟ್ ಬುಕ್ ಕೇಳಿ. ನೀರು ಬೆರೆತಿರೋದಕ್ಕೆ ಪೇಪರ್ ಟೆಸ್ಟ್ ಸಾಲಲ್ಲ, ಬಂಕ್‌ನವರ ಹತ್ರ ವಾಟರ್ ಫೈಂಡಿಂಗ್ ಪೇಸ್ಟ್ ಇರತ್ತೆ, ಅದನ್ನ ಡಿಪ್ ಕಡ್ಡಿಗೆ ಸವರಿ ಅವರ ಟ್ಯಾಂಕಿಗೆ ಇಳಿಸಿ ತೋರ್ಸಿ ಅನ್ನಿ, ನೀರಿದ್ರೆ ಬಣ್ಣ ತಿರುಗತ್ತೆ. ನಿಮ್ಮ ಗಾಡಿಗೀಗ ತಳದಿಂದ ಒಂದು ಲೀಟರ್ ಬಾಟಲಿಗೆ ತೆಗೆಸಿ ನೋಡಿ, ಮೇಲೆ ತೀರ್ಥಹಳ್ಳಿಯವರಿಗೆ ಹೇಳಿದ ಹಾಗೇ, ಬಿಲ್ಲು ಮಾತ್ರ ಎಸೀಬೇಡಿ.