ಮಾತ್ರೆ ತಂದ ಮುಟ್ಟು

ದಾವಣಗೆರೆಯ ಏಪ್ರಿಲ್ ಬಿಸಿಲಲ್ಲೂ ಹುಡುಗಿ ಸ್ವೆಟರ್ ಹಾಕಿಕೊಂಡು ಬಂದಿದ್ದಳು. ವಯಸ್ಸು 17, ನೀಟ್ ತಯಾರಿ. ಸುಮಾ ಎನ್ನೋಣ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

"ಹಾರ್ಮೋನ್ ಏರುಪೇರಂತೆ ಮೇಡಂ. ಏಳು ತಿಂಗಳು ಮುಟ್ಟೇ ಆಗಿರ್ಲಿಲ್ಲ. ಮಾತ್ರೆ ಕೊಟ್ಮೇಲೆ ಎರಡು ಸಲ ಸರಿಯಾಗಿ ಆಯ್ತು. ಊಟ ಒಂದು ಮಾಡೋ ಹಾಗೆ ನೀವು ಹೇಳಿ ಸಾಕು" ಎಂದರು ತಾಯಿ.

ಊಟದ ಬಗ್ಗೆ ಕೇಳಿದೆ. ಬೆಣ್ಣೆ ದೋಸೆಯನ್ನು ಉಗುರಿನಷ್ಟು ಚೂರು ಮಾಡುತ್ತಾಳೆ, ಒಂದೊಂದನ್ನೂ ಪೇಪರಿಗೆ ಒತ್ತಿ ಬೆಣ್ಣೆ ತೆಗೆಯುತ್ತಾಳೆ, ಮುಕ್ಕಾಲು ಗಂಟೆ ಕೂತು ಅರ್ಧ ಬಿಟ್ಟೇಳುತ್ತಾಳೆ. ಮುಂಗೈ ತುಂಬ ನವಿರು ರೋಮ. ನಾಡಿ ಎಣಿಸಿದೆ: ನಿಮಿಷಕ್ಕೆ 46, ತೀರಾ ಕಡಿಮೆ. ಮಾತುಕತೆ ಆಮೇಲೆ ಎಂದು ಅಂದೇ ಫಿಜಿಷಿಯನ್ ಹತ್ತಿರ ಕಳಿಸಿದೆ. ಇಸಿಜಿ, ಪೊಟ್ಯಾಸಿಯಂ, ಫಾಸ್ಫೇಟ್ ನೋಡಿದರು. ಅನೊರೆಕ್ಸಿಯಾ, ಅಂದರೆ ದಪ್ಪಗಾಗುವ ಭಯದಿಂದ ಊಟ ಬಿಡುವ ಮಾನಸಿಕ ಕಾಯಿಲೆ ಎಂದು ಮನೋವೈದ್ಯರು ಖಚಿತಪಡಿಸಿದರು.

ಮುಂದಿನ ವಾರ ತಾಯಿಗೆ ಹೇಳಿದೆ: "ಬರಗಾಲ ಬಂದ್ರೆ ಮನೇಲಿ ಮೊದಲು ಹಬ್ಬ ನಿಲ್ಲಿಸ್ತೀವಲ್ಲಮ್ಮಾ, ದೇಹವೂ ಹಾಗೇ." ಕೊಬ್ಬು ಕರಗಿದರೆ ಅದು ಸ್ರವಿಸುವ ಲೆಪ್ಟಿನ್ ಹಾರ್ಮೋನ್ ಇಳಿಯುತ್ತದೆ, ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆ ತಗ್ಗಿ ಹೆಣ್ಣಿನ ಹಾರ್ಮೋನ್ ಈಸ್ಟ್ರೊಜೆನ್ ಬೀಳುತ್ತದೆ. ಥೈರಾಯ್ಡ್ ಹಾರ್ಮೋನ್ ಟಿ3 ಇಳಿದು ಚಳಿಯಾಗುತ್ತದೆ. ಊಟ ಬಿಟ್ಟಿದ್ದಕ್ಕೆ ಹಾರ್ಮೋನ್ ಇಳಿದಿದೆ, ಹಾರ್ಮೋನ್ ಕೆಟ್ಟು ಊಟ ಬಿಟ್ಟದ್ದಲ್ಲ. ಸುಮಾಳಿಗೆ ಕೊಟ್ಟಿದ್ದು ಗರ್ಭನಿರೋಧಕ ಮಾತ್ರೆ. ಅದರಿಂದಾದ ಮುಟ್ಟು, ತಿಂಗಳಲ್ಲಿ ಕೆಲವು ದಿನ ಮಾತ್ರೆ ಬಿಟ್ಟಾಗ ಆಗುವ ರಕ್ತಸ್ರಾವ ಅಷ್ಟೇ. ಅದನ್ನು ನೋಡಿ ಮನೆಯವರು ನಿರಾಳರಾಗಿಬಿಡುತ್ತಾರೆ, ನನ್ನ ತಕರಾರು ಅದಕ್ಕೇ. ಮೂಳೆ ಗಟ್ಟಿಯಾಗಬೇಕಾದ ವಯಸ್ಸು ಇದು, ಆ ಮಾತ್ರೆ ಮೂಳೆ ಕಾಯುವುದಿಲ್ಲ. ಅಮೆರಿಕದ ಹಾರ್ಮೋನ್ ತಜ್ಞರ ಸಂಘ ಎಂಡೊಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿಯೂ ಬರೀ ಮುಟ್ಟಿಗಾಗಿ ಅದನ್ನು ಕೊಡಬೇಡಿ ಎನ್ನುತ್ತದೆ. ಊಟ, ಆಪ್ತಸಲಹೆ ಎರಡೂ ಫಲಿಸದಿದ್ದರೆ ಚರ್ಮಕ್ಕೆ ಅಂಟಿಸುವ ಈಸ್ಟ್ರೊಜೆನ್ ಪಟ್ಟಿಯನ್ನು ಸ್ವಲ್ಪ ಕಾಲ ಯೋಚಿಸಬಹುದು. ಅದು ವೈದ್ಯರ ತೀರ್ಮಾನ.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಈ ಕಾಯಿಲೆಯ ವಿಷಯ ಹೇಳಿ ಎಂದೆ. ಅವರೇ ನಿಲ್ಲಿಸಿದರು. ಎಷ್ಟು ಬಡಿಸಬೇಕೆಂಬುದು ಸದ್ಯಕ್ಕೆ ಅಪ್ಪ ಅಮ್ಮನದೇ ಜವಾಬ್ದಾರಿ: ಮೂರು ಊಟ, ನಡುವೆ ಮೂರು ತಿಂಡಿ, ಪ್ರಮಾಣ ಏರುವುದು ವೈದ್ಯರು ಹೇಳಿದಂತೆ ನಿಧಾನವಾಗಿ. ಹಸಿದ ದೇಹಕ್ಕೆ ಒಮ್ಮೆಲೇ ತುರುಕಿದರೆ ರಕ್ತದಲ್ಲಿನ ಫಾಸ್ಫೇಟ್ ಎಂಬ ಲವಣ ಕುಸಿದು ಹೃದಯಕ್ಕೇ ಅಪಾಯ. ತಟ್ಟೆ ಮುಂದೆ ಬೈಗುಳ ಬೇಡ, ತೂಕದ ಮಾತೂ ಬೇಡ. ಪಕ್ಕದಲ್ಲಿ ಕೂತು ನೀವೂ ಉಣ್ಣಿ. ಸುಮಾಳಿಗೆ ನನ್ನ ಮೇಲೆ ಒಂದು ತಿಂಗಳು ಸಿಟ್ಟಿತ್ತು.

ಐದು ತಿಂಗಳಾಗಿದೆ. ನಾಡಿ 62. ದೋಸೆ ಈಗ ನಾಲ್ಕು ತುಂಡು. ಮುಟ್ಟು ಇನ್ನೂ ಬಂದಿಲ್ಲ. ತೂಕ ಸರಿಹೋದ ಮೇಲೂ ಕೆಲವು ತಿಂಗಳು ಹಿಡಿಯುವುದುಂಟು. ಅಜ್ಜಿ ಮಾತ್ರ ವಾರಕ್ಕೊಮ್ಮೆ ಕೇಳುತ್ತಾರಂತೆ, "ಆ ಮಾತ್ರೆ ಇನ್ನೊಂದ್ಸಲ ಕೊಟ್ಟು ನೋಡ್ಬಾರ್ದೇನೇ?"