ಸ್ಕಿಜೋಫ್ರೇನಿಯಾಕ್ಕೆ ಹೊಸ ಔಷಧಿಗಳು ಬರುತ್ತಿವೆಯೇ?

ಮಾತ್ರೆ ಶುರುವಾದ ಮೇಲೆ ಅಣ್ಣನ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ, ಆದರೆ ದಿನವಿಡೀ ಮಂಕಾಗಿ ಕೂತಿರುತ್ತಾನೆ, ತೂಕವೂ ಏರಿದೆ, ಇದಕ್ಕಿಂತ ಒಳ್ಳೆಯದು ಬರುತ್ತದೆಯೇ ಎಂದು ಕೇಳಿದ್ದೀರಿ. ನಾನು ಔಷಧಶಾಸ್ತ್ರ ಪಾಠ ಮಾಡುವವನು, ಮನೋವೈದ್ಯನಲ್ಲ. ತೂಕದ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬಹುದು. ಕಾಯಿಲೆಯಿಂದಲೇ ಬರುವ ಮಂಕುತನಕ್ಕೆ ಹೇಳಿಕೊಳ್ಳುವಂಥ ಮದ್ದು ಇನ್ನೂ ಇಲ್ಲ.

1952ರಲ್ಲಿ ಪ್ಯಾರಿಸ್‌ನ ವೈದ್ಯರು ಕ್ಲೋರ್‌ಪ್ರೊಮಜೀನ್ ಕೊಡಲು ಶುರುಮಾಡಿದಾಗಿನಿಂದ ಬಂದ ಔಷಧಿಗಳೆಲ್ಲ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುತ್ತವೆ: ಮಿದುಳಿನಲ್ಲಿ ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕ ಬಂದು ಕೂರುವ ಡಿ2 ಗ್ರಾಹಕಗಳನ್ನು ತಡೆಯುವುದು. ಇದರಿಂದ ಭ್ರಮೆ ಇಳಿಯುತ್ತದೆ. ಉತ್ಸಾಹ, ನೆನಪು, ಏಕಾಗ್ರತೆ ಮರಳುವುದಿಲ್ಲ.

ಈ ಜಾಡು ಬಿಟ್ಟು ಬಂದದ್ದು ಕ್ಸ್ಯಾನೊಮೆಲಿನ್. ಅದರ ಕಥೆ ಸ್ವಾರಸ್ಯವಾಗಿದೆ. 1990ರ ದಶಕದಲ್ಲಿ ಅದನ್ನು ಆಲ್‌ಝೈಮರ್ ರೋಗಿಗಳಿಗೆ ಕೊಟ್ಟು ನೋಡಿದ್ದರು. ಅವರ ಭ್ರಮೆಗಳು ತಗ್ಗಿದವು, ಆದರೆ ವಾಂತಿ, ಹೊಟ್ಟೆನೋವು ತಡೆಯಲಾಗದೆ ಅದು ಮೂಲೆ ಸೇರಿತು. ಮುಂದೆ ಅದಕ್ಕೆ ಟ್ರಾಸ್ಪಿಯಂ ಜೋಡಿಸಿದರು. ಇದು ಮೂತ್ರಕೋಶದ ತೊಂದರೆಗೆ ಕೊಡುವ ಹಳೆಯ ಮಾತ್ರೆ. ಮಿದುಳಿನೊಳಗೆ ಹೆಚ್ಚಾಗಿ ಹೋಗುವುದಿಲ್ಲ, ಹಾಗಾಗಿ ಕ್ಸ್ಯಾನೊಮೆಲಿನ್ ಹೊಟ್ಟೆಯಲ್ಲಿ ಮಾಡುವ ತಂಟೆಯನ್ನಷ್ಟೇ ತಗ್ಗಿಸುತ್ತದೆ. (ಹೊಸ ಅಣು ಕಂಡುಹಿಡಿಯುವುದಕ್ಕಿಂತ ಇಂಥ ಉಪಾಯಗಳೇ ನನಗೆ ಹೆಚ್ಚು ಇಷ್ಟ.) 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಜೋಡಿಗೆ ಒಪ್ಪಿಗೆ ಕೊಟ್ಟಿತು. ಇದು ಡಿ2ಗೆ ಕೈಹಾಕದೆ, ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸಂದೇಶವಾಹಕದ ಮಸ್ಕರಿನಿಕ್ ಗ್ರಾಹಕಗಳನ್ನು ಚುರುಕುಗೊಳಿಸುತ್ತದೆ. ತೂಕ ಏರಿಕೆ, ಮೈಬಿಗಿತ ದೊಡ್ಡ ಸಮಸ್ಯೆಯಾಗಿ ಕಂಡಿಲ್ಲ. ವಾಕರಿಕೆ, ಮಲಬದ್ಧತೆ ಮಾತ್ರ ಪೂರ್ತಿ ಹೋಗಿಲ್ಲ.

ಉಳಿದ ಸುದ್ದಿ ಅಷ್ಟು ಚೆನ್ನಾಗಿಲ್ಲ. 2023ರಲ್ಲಿ ಯುಲೊಟರಾಂಟ್ ಎಂಬ ಇನ್ನೊಂದು ಹೊಸ ಔಷಧಿ ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಸೋತಿತು. ಔಷಧಿಯಿಲ್ಲದ ಮಾತ್ರೆ ನುಂಗಿದವರೂ ಬಹಳ ಚೇತರಿಸಿಕೊಂಡಿದ್ದರಿಂದ ವ್ಯತ್ಯಾಸವೇ ಕಾಣಲಿಲ್ಲ. 2024ರಲ್ಲಿ ಎಮ್ರಾಕ್ಲಿಡಿನ್, 2025ರ ಆರಂಭದಲ್ಲಿ ಯೋಚನಾಶಕ್ತಿ ಸುಧಾರಿಸಲೆಂದೇ ತಯಾರಿಸಿದ್ದ ಐಕ್ಲೆಪರ್ಟಿನ್ ಕೂಡ ಕೈಕೊಟ್ಟವು.

ನನಗನ್ನಿಸುವುದು, ಹಲವು ಕಾಯಿಲೆಗಳಿಗೆ ಒಂದೇ ಹೆಸರಿಟ್ಟು ಎಲ್ಲರನ್ನೂ ಒಂದೇ ಪರೀಕ್ಷೆಗೆ ಸೇರಿಸುತ್ತಿದ್ದೇವೆ. ಸಾಮಾನ್ಯ ಔಷಧಿಗಳಿಗೆ ಜಗ್ಗದ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ತಯಾರಿಕೆ ಹೆಚ್ಚಿರುವುದಿಲ್ಲ ಎಂದು ಸ್ಕ್ಯಾನ್ ಅಧ್ಯಯನಗಳು ಸೂಚಿಸಿವೆ. ಹಾಗಿದ್ದ ಮೇಲೆ ಅವರಿಗೆ ಡೋಪಮೈನ್ ತಡೆದು ಏನು ಫಲ? ಯಾರಿಗೆ ಯಾವ ಔಷಧಿ ಎಂದು ಮೊದಲೇ ವಿಂಗಡಿಸುವ ಪರೀಕ್ಷೆ ಬಂದರೆ, ಈಗ ಸೋತ ಕೆಲವು ಅಣುಗಳೂ ಮತ್ತೆ ಎದ್ದು ಬರಬಹುದು.

ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ. ಆದರೆ ಮಂಕುತನದ ಬಗ್ಗೆ ವೈದ್ಯರನ್ನು ಬಿಡದೆ ಕೇಳಿ. ಡೋಸ್ ಹೆಚ್ಚಾದರೂ ಹಾಗಾಗುತ್ತದೆ, ಜೊತೆಗೆ ಖಿನ್ನತೆ ಇದ್ದರೂ ಆಗುತ್ತದೆ. ಇವೆರಡಕ್ಕೂ ಈಗಲೇ ದಾರಿಯಿದೆ.